ದುಡಿಯುವವನ ಮಾತಿಗೆ ದೊರೆತ ಮನ್ನಣೆ

ದುಡಿದವನಿಗೆ ಕೂಲಿ ಸಲ್ಲಬೇಕೆಂಬುದನ್ನು ಲೋಕವು ಬಹು ಹಿಂದೆಯೇ ಒಪ್ಪಿದೆ. ಆದರೆ ತಾನು ದುಡಿಯುವ ಸ್ಥಳದ ಆಡಳಿತದಲ್ಲಿ ಅವನ ಮಾತಿಗೂ ಬೆಲೆಯಿರಬೇಕೆಂಬ ವಿಚಾರವು ಅಷ್ಟು ಸುಲಭವಾಗಿ ಒಪ್ಪಿತವಾಗಲಿಲ್ಲ. ಕೆಲಸದ ವೇಳೆ ಯಾವುದು, ಯಾರನ್ನು ಕೆಲಸದಿಂದ ತೆಗೆಯಬೇಕು, ಕಾರ್ಖಾನೆಯನ್ನು ಉಳಿಸಬೇಕೋ ಮುಚ್ಚಬೇಕೋ ಎಂಬುದೆಲ್ಲವೂ ಬಂಡವಾಳ ಹೂಡಿದವನ ಇಚ್ಛೆಗೆ ಸೇರಿದ್ದೆಂಬ ನಂಬಿಕೆ ಬಲವಾಗಿತ್ತು. ಈ ನಂಬಿಕೆಯನ್ನು ಶಾಸನದ ಮೂಲಕ ತಿದ್ದಲು ಹೊರಟ ದೇಶಗಳಲ್ಲಿ ಜರ್ಮನಿ ಪ್ರಮುಖವಾದುದು. ಅಲ್ಲಿ ಉದ್ಯೋಗಿಗಳೇ ತಮ್ಮೊಳಗಿನಿಂದ ಚುನಾಯಿಸುವ ಮಂಡಳಿಗೆ ‘ಬೆಟ್ರೀಬ್ಸ್‌ರಾಟ್’ ಎಂದು ಹೆಸರು. ಅದರ ಇತಿಹಾಸವು ಅರಿಯತಕ್ಕದ್ದಾಗಿದೆ.

1891ರ ಕಾನೂನು ಕಾರ್ಮಿಕರ ಸಮಿತಿಗಳಿಗೆ ಅವಕಾಶವಿತ್ತಿತಾದರೂ ಅವುಗಳ ರಚನೆಯನ್ನು ಮಾಲೀಕನ ಇಚ್ಛೆಗೇ ಬಿಟ್ಟಿತು. 1905ರಲ್ಲಿ ರೂರ್ ಪ್ರದೇಶದ ಸುಮಾರು 2 ಲಕ್ಷ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದ ಬಳಿಕ, ಪ್ರಷ್ಯಾ ರಾಜ್ಯವು ದೊಡ್ಡ ಗಣಿಗಳಲ್ಲಿ ಇಂತಹ ಸಮಿತಿಗಳನ್ನು ಕಡ್ಡಾಯಗೊಳಿಸಿತು. ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಯುದ್ಧೋಪಯೋಗಿ ಉದ್ಯಮಗಳಿಗೂ ಈ ನಿಯಮ ವಿಸ್ತರಿಸಿತು. ಮುಷ್ಕರವಾಗಲಿ ಯುದ್ಧವಾಗಲಿ ಒತ್ತಾಯ ತರುವವರೆಗೆ ಕಾರ್ಮಿಕನ ಮಾತು ಯಾರಿಗೂ ಕೇಳಿಸಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

1918ರ ಕ್ರಾಂತಿಯಲ್ಲಿ ಚಕ್ರವರ್ತಿಯ ಆಳ್ವಿಕೆ ಅಳಿಯಿತು. 1919ರ ವೈಮಾರ್ ಸಂವಿಧಾನದ 165ನೆಯ ವಿಧಿಯು ಉದ್ಯೋಗಿಗಳ ಮಂಡಳಿಗಳಿಗೆ ಸ್ಥಾನವಿತ್ತಿತು. ಆದರೆ ಅದನ್ನು ಜಾರಿಗೆ ತರುವ ಮಸೂದೆಯಲ್ಲಿದ್ದ ಅಧಿಕಾರಗಳು ತೀರ ಅಲ್ಪವೆಂದು ಎಡಪಂಥೀಯ ಕಾರ್ಮಿಕರು ಆಕ್ಷೇಪಿಸಿದರು. 1920ರ ಜನವರಿ 13ರಂದು ಬರ್ಲಿನ್ನಿನ ಸಂಸತ್ ಭವನದ ಮುಂದೆ ಅಪಾರ ಜನಸ್ತೋಮ ನೆರೆಯಿತು. ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆ 42 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹೆಚ್ಚಿನ ಹಕ್ಕನ್ನು ಬೇಡಿ ಅವರು ಪ್ರಾಣ ತೆತ್ತ ಕೆಲವೇ ದಿನಗಳಲ್ಲಿ, ಅದೇ ಮಸೂದೆ ಅಂಗೀಕಾರ ಪಡೆದು ಫೆಬ್ರವರಿಯಲ್ಲಿ ಕಾನೂನಾಯಿತು. 20 ಅಥವಾ ಹೆಚ್ಚು ಜನ ದುಡಿಯುವೆಡೆಗಳಲ್ಲಿ ಮಂಡಳಿಗಳು ಏರ್ಪಟ್ಟವು. ಕೆಲಸ ಕಳೆದುಕೊಂಡವನು ಮಂಡಳಿಗೆ ಮೊರೆಯಿಡಬಹುದಾಯಿತು.

ಈ ವ್ಯವಸ್ಥೆ ಬಾಳಿದ್ದು 14 ವರ್ಷಗಳಷ್ಟೇ. 1934ರ ಜನವರಿಯಲ್ಲಿ ನಾಜಿ ಸರ್ಕಾರವು ಹೊಸ ಕಾನೂನು ತಂದು ಮಂಡಳಿಗಳನ್ನು ಅಳಿಸಿಹಾಕಿತು. ಮಾಲೀಕನು ‘ನಾಯಕ’ನಾದನು, ಉದ್ಯೋಗಿಗಳು ಅವನ ‘ಅನುಯಾಯಿ’ಗಳಾದರು. ದೇಶದಲ್ಲಿ ಪ್ರಶ್ನಿಸುವ ಬಾಯಿಗಳನ್ನು ಮುಚ್ಚಿಸಿದವರು ಕಾರ್ಖಾನೆಯ ಬಾಯಿಗಳನ್ನೂ ತೆರೆದಿರಿಸಲಿಲ್ಲ.

ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ, ವಿಜೇತ ರಾಷ್ಟ್ರಗಳು ಮಂಡಳಿಗಳಿಗೆ ಮತ್ತೆ ಅನುಮತಿಯಿತ್ತವು. ಆಗ ಕಾರ್ಮಿಕ ಸಂಘಗಳ ಮುಂದಾಳಾಗಿದ್ದವರು ಹಾನ್ಸ್ ಬೋಕ್ಲರ್. ಚಿನ್ನದ ತಗಡು ಬಡಿಯುವ ಕಸುಬಿನಿಂದ ಬಂದ ಈ ಹಿರಿಯರು, ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಗಳಲ್ಲಿ ಕಾರ್ಮಿಕರಿಗೆ ಸಮಾನ ಸ್ಥಾನ ಬೇಕೆಂದು ಪಟ್ಟುಹಿಡಿದರು. ಗಣಿ ಹಾಗೂ ಲೋಹ ಕಾರ್ಮಿಕರ ಪೈಕಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಮುಷ್ಕರದ ಪರ ಮತ ನೀಡಿದರು. 1951ರ ಜನವರಿಯಲ್ಲಿ ಪ್ರಧಾನಿ ಅಡೆನಾವರ್ ಸಮ್ಮುಖದಲ್ಲಿ ಒಪ್ಪಂದವಾಯಿತು; ಮುಷ್ಕರ ತಪ್ಪಿತು. ಮೇ ತಿಂಗಳಲ್ಲಿ ಕಾನೂನು ಬಂದಾಗ ಅದನ್ನು ಕಾಣಲು ಬೋಕ್ಲರ್ ಇರಲಿಲ್ಲ. ಫೆಬ್ರವರಿಯಲ್ಲಿಯೇ ಅವರು ಕಾಲವಾಗಿದ್ದರು.

1952ರ ಕಾನೂನು ಇತರ ಕಂಪನಿಗಳ ಮೇಲ್ವಿಚಾರಣಾ ಮಂಡಳಿಗಳಲ್ಲಿ ಮೂರನೆಯ ಒಂದು ಪಾಲನ್ನಷ್ಟೇ ಕಾರ್ಮಿಕರಿಗೆ ನೀಡಿತು. ಸಂಘಗಳು ಅದನ್ನು ಸೋಲೆಂದೇ ಬಗೆದವು. ಮುಂದೆ 1972ರಲ್ಲಿ ಉದ್ಯೋಗಿ ಮಂಡಳಿಯ ಹಕ್ಕುಗಳು ವಿಸ್ತಾರಗೊಂಡವು. 1976ರಲ್ಲಿ, 2000ಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಉದ್ಯೋಗಿಗಳಿಗೆ ದೊರೆತವು. ಆದರೆ ಮತಗಳು ಸಮವಾದಾಗ ಅಧ್ಯಕ್ಷರಿಗೆ ಎರಡನೆಯ ಮತವಿರುವುದರಿಂದ ಕೊನೆಯ ಮಾತು ಸಾಮಾನ್ಯವಾಗಿ ಬಂಡವಾಳದ ಕಡೆಯವರದೇ ಆಗುತ್ತದೆ.

ಇಂದು ಐದು ಜನ ದುಡಿಯುವ ಸ್ಥಳದಲ್ಲಿಯೂ ಮಂಡಳಿಯನ್ನು ಚುನಾಯಿಸಬಹುದು. ಆದರೆ ಅದು ತಾನಾಗಿ ಹುಟ್ಟುವುದಿಲ್ಲ, ಉದ್ಯೋಗಿಗಳೇ ಮುಂದಾಗಬೇಕು. ಆದಕಾರಣ ಅನೇಕ ಸಣ್ಣ ಉದ್ಯಮಗಳಲ್ಲಿ ಮಂಡಳಿಯೇ ಇಲ್ಲ. ಮಂಡಳಿಯು ಮುಷ್ಕರ ಹೂಡುವಂತಿಲ್ಲ. ಸಂಬಳದ ಒಪ್ಪಂದ ಕಾರ್ಮಿಕ ಸಂಘಗಳ ಹೊಣೆ. ಆದರೆ ಕೆಲಸದ ವೇಳಾಪಟ್ಟಿ, ಹೆಚ್ಚುವರಿ ದುಡಿಮೆ, ರಜೆಯ ಕ್ರಮ ಇವುಗಳಿಗೆ ಅದರ ಸಮ್ಮತಿ ಅಗತ್ಯ. ಎಲ್ಲಕ್ಕಿಂತ ಮಿಗಿಲಾದುದು ಇನ್ನೊಂದು: ಮಂಡಳಿಯಿರುವೆಡೆ ಅದರ ಅಭಿಪ್ರಾಯ ಕೇಳದೆ ಒಬ್ಬನನ್ನು ವಜಾ ಮಾಡಿದರೆ ಆ ವಜಾ ಕಾನೂನಿನ ಮುಂದೆ ಅಸಿಂಧು. ಮಂಡಳಿ ಆಕ್ಷೇಪಿಸಿದರೂ ಮಾಲೀಕನು ವಜಾ ಮಾಡಬಹುದು, ಕೇಳದೆ ಮಾತ್ರ ಮಾಡುವಂತಿಲ್ಲ.

ಹೊರನೋಟಕ್ಕೆ ಇದು ಅಲ್ಪ ಹಕ್ಕೆನಿಸಬಹುದು. 1920ರಲ್ಲಿ ಮಡಿದವರು ಬಯಸಿದ್ದು ಇದಕ್ಕಿಂತ ಬಹಳ ಹೆಚ್ಚು. ಆದರೆ ನಿರ್ಧಾರವಾದ ಮೇಲೆ ತಿಳಿಸುವುದು ಬೇರೆ, ನಿರ್ಧರಿಸುವ ಮುನ್ನ ಕೇಳುವುದು ಬೇರೆ. ಮೊದಲನೆಯದರಲ್ಲಿ ದುಡಿಯುವವನು ಬರಿಯ ಕೈ. ಎರಡನೆಯದರಲ್ಲಿ ಅವನು ಮನುಷ್ಯ. ಈ ಅಂತರವನ್ನು ಶಾಸನದಲ್ಲಿ ಬರೆಯಿಸಲು ಒಂದು ನಾಡಿಗೆ ಎಷ್ಟೋ ತಲೆಮಾರುಗಳು ಹಿಡಿದವೆಂಬುದನ್ನು ಮರೆಯಲಾಗದು.