ಮುಚ್ಚಿದ್ದ ಸೀಮೆ, ಮೂರು ಮಿಷನ್: ಶಿಕಾರಿಪುರ, ಸೊರಬದ ಗಡಿಯಿಂದ ನೋಡಿದರೆ

ಶಿರಾಳಕೊಪ್ಪ ಬಿಟ್ಟು ಹಿರೇಕೆರೂರಿನ ದಾರಿ ಹಿಡಿದರೂ ಆನವಟ್ಟಿಯಿಂದ ಹಾನಗಲ್ಲಿನ ಕಡೆ ಹೊರಟರೂ ಇವತ್ತು ನಾವು ದಾಟುವುದು ಒಂದು ಜಿಲ್ಲೆಯ ಗಡಿಯನ್ನು ಮಾತ್ರ. ಈಚೆ ಶಿವಮೊಗ್ಗ, ಆಚೆ ಹಾವೇರಿ. 1956ರ ನವೆಂಬರ್ 1ರವರೆಗೆ ಅದೇ ಜಾಗದಲ್ಲಿ ರಾಜ್ಯದ ಗಡಿ ಇತ್ತು. ಈಚಿನದು ಮೈಸೂರು ಸೀಮೆ, ಆಚಿನದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಕ್ರೈಸ್ತ ಮಿಷನ್‌ಗಳು ಕನ್ನಡ ನಾಡನ್ನು ತಮ್ಮತಮ್ಮಲ್ಲಿ ಹಂಚಿಕೊಂಡಾಗ ಅವರ ಗೆರೆಯೂ ಹೆಚ್ಚುಕಡಿಮೆ ಇಲ್ಲೇ ಹಾದುಹೋಯಿತು. ಮೈಸೂರಿನ ಕಡೆ ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು, ಧಾರವಾಡದ ಕಡೆ ಬಾಸೆಲ್ ಮಿಷನ್ನಿನ ಜರ್ಮನ್ ಮತ್ತು ಸ್ವಿಸ್ ಪಾದ್ರಿಗಳು, ಮೂಡಲಿಗೆ ಬಳ್ಳಾರಿಯಲ್ಲಿ ಲಂಡನ್ ಮಿಷನ್. ಬೇರೆಬೇರೆ ದೇಶ, ಬೇರೆಬೇರೆ ಆರಾಧನಾ ಕ್ರಮದ ಈ ಮೂವರು ಒಂದೇ ಭಾಷೆಯ ಜನರ ನಡುವೆ ಸಭೆಗಳನ್ನು ಹೇಗೆ ಕಟ್ಟಿದರು, ಆ ಸಭೆಗಳು ಮುಂದೆ ಹೇಗೆ ಒಂದಾದವು ಎಂಬುದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಯಾರೂ ಹೆಚ್ಚು ಬಿಡಿಸಿ ನೋಡದ ಪುಟ.

ಕಂಪನಿ ಹಾಕಿದ್ದ ಅಗುಳಿ

ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯೆಂದರೆ ಪಾದ್ರಿಗಳಿಗೆ ಹಾಸಿದ ಹಾದಿ ಎಂದು ಹಲವರು ಭಾವಿಸುತ್ತಾರೆ. ನಡೆದದ್ದು ಬೇರೆ. ಧರ್ಮದ ವಿಷಯ ಕೆದಕಿದರೆ ಜನ ಕೆರಳಿ ವ್ಯಾಪಾರ ಕೆಡುತ್ತದೆ ಎಂಬ ಅಂಜಿಕೆಯಿಂದ ಕಂಪನಿ ಮಿಷನರಿಗಳನ್ನು ಆದಷ್ಟು ದೂರವೇ ಇಟ್ಟಿತ್ತು. ವಿಲಿಯಂ ಕೇರಿ ಬಂಗಾಳದಲ್ಲಿ ಡೇನರ ವಶದಲ್ಲಿದ್ದ ಶ್ರೀರಾಮಪುರದಲ್ಲಿ ನೆಲೆ ಕಂಡುಕೊಂಡದ್ದು ಈ ಕಾರಣಕ್ಕೆ. ಅಮೆರಿಕದಿಂದ ಬಂದ ಅಡೊನಿರಾಮ್ ಜಡ್ಸನ್ ಮತ್ತು ಸಂಗಡಿಗರಿಗೆ 1812ರಲ್ಲಿ ಕಲ್ಕತ್ತ ಬಿಟ್ಟು ಹೊರಡಲು ಅಪ್ಪಣೆಯಾಯಿತು. ಅಂಥ ದಿನಗಳಲ್ಲಿ, 1810ರಲ್ಲೇ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿ ಸೇರಿ ಕನ್ನಡ ಕಲಿಯಲು ಕುಳಿತಿದ್ದರು.

1813ರ ಸನದು ಅಗುಳಿಯನ್ನು ಅರ್ಧ ಸರಿಸಿತು: ಪರವಾನಗಿ ಪಡೆದು ಬರಬಹುದಾಯಿತು. 1833ರ ಸನದು ಪೂರ್ತಿ ತೆಗೆಯಿತು. ಬ್ರಿಟಿಷರಲ್ಲದವರೂ ಬಂದು ನೆಲೆಸಲು ದಾರಿಯಾದದ್ದು ಆಗ. ಮರುವರ್ಷವೇ, 1834ರ ಅಕ್ಟೋಬರ್ ಕೊನೆಗೆ, ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರು ಸೇರಿದರು.

ಶಿವಮೊಗ್ಗ ಸೀಮೆಯ ಮಟ್ಟಿಗೆ ಬಾಗಿಲು ತೆರೆದದ್ದು ಇನ್ನೊಂದು ಕೈಯಿಂದ. 1830–31ರ ನಗರ ಸೀಮೆಯ ದಂಗೆಯಲ್ಲಿ ಈ ಭಾಗದ ರೈತರು ಕಂದಾಯದ ಭಾರಕ್ಕೆ ಎದುರು ನಿಂತರು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಸಿದುಕೊಂಡರು. 1881ರವರೆಗೆ ಐವತ್ತು ವರ್ಷ ಮೈಸೂರನ್ನು ಕಮಿಷನರುಗಳು ಆಳಿದರು. ಮೈಸೂರು ಸೀಮೆಯ ಒಳನಾಡಿನಲ್ಲಿ ಮಿಷನ್ನಿನ ಠಾಣೆಗಳು ಎದ್ದದ್ದು ಬಹುಪಾಲು ಈ ಕಾಲದಲ್ಲಿ. ಈ ಹಿನ್ನೆಲೆಯನ್ನು ಮರೆತು ಸಭೆಗಳ ಕಥೆ ಹೇಳಲಾಗದು. ಆಳುವವರೂ ಪಾದ್ರಿಗಳೂ ಒಂದೇ ಬಣ್ಣದವರಾಗಿದ್ದುದರಿಂದ ಜನರ ಮನಸ್ಸಿನಲ್ಲಿ ಹುಟ್ಟಿದ ಅನುಮಾನ ಬಹುಕಾಲ ಉಳಿಯಿತು, ಅದಕ್ಕೆ ಕಾರಣವೂ ಇತ್ತು.

ದುಬುವಾ ಕಂಡ ಬಾಗಿಲು

ಸರ್ಕಾರ ತೆಗೆಯಲಾರದ ಬಾಗಿಲೂ ಒಂದಿತ್ತು. ಫ್ರಾನ್ಸಿನ ಕ್ಯಾಥೊಲಿಕ್ ಪಾದ್ರಿ ಅಬ್ಬೆ ದುಬುವಾ 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು, ಸಿಡುಬಿನ ವಿರುದ್ಧ ಹಳ್ಳಿಗಳಲ್ಲಿ ಲಸಿಕೆ ಹಾಕಿಸಿದವರು ಅವರು. ಮೂವತ್ತು ವರ್ಷ ಈ ದೇಶದಲ್ಲಿ ದುಡಿದು 1823ರಲ್ಲಿ ಹಿಂದಿರುಗಿದಾಗ ಅವರು ಪ್ರಕಟಿಸಿದ ಪತ್ರಗಳ ತಿರುಳು, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂಬುದು. ಜಾತಿಯ ಕಟ್ಟು, ಬಂಧುಬಳಗ, ಊರಿನ ಬಾವಿ, ಮದುವೆ, ಮಣ್ಣು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವಾಗ ಒಬ್ಬ ಮನುಷ್ಯ ಒಂಟಿಯಾಗಿ ಹೊರಗೆ ಬರುವುದೆಂದರೆ ಊರನ್ನೇ ಬಿಟ್ಟಂತೆ ಎಂಬುದನ್ನು ದುಬುವಾ ಹತ್ತಿರದಿಂದ ಕಂಡಿದ್ದರು. ಪ್ರಾಟೆಸ್ಟೆಂಟರು ಆಗ ಅವರ ಮೇಲೆ ಸಿಟ್ಟಾದರು. ಆದರೆ ಮುಂದಿನ ನೂರು ವರ್ಷ ಅವರೂ ಎಡವಿದ್ದು ಇದೇ ಹೊಸ್ತಿಲಲ್ಲಿ.

ಸೀಮೆ ಹಂಚಿಕೆ

ಒಂದೇ ಪಟ್ಟಣಕ್ಕೆ ಎರಡು ಮಿಷನ್ ಹೋಗಿ, ಒಂದರ ಸಭೆಯವರನ್ನು ಇನ್ನೊಂದು ಸೆಳೆದರೆ ಇಬ್ಬರಿಗೂ ಹೆಸರು ಕೆಡುತ್ತದೆ. ಇದನ್ನು ತಪ್ಪಿಸಲು ಮಿಷನ್‌ಗಳು ಮಾಡಿಕೊಂಡ ಒಪ್ಪಂದ ಸರಳವಾಗಿತ್ತು. ಒಬ್ಬರು ಮೊದಲು ಕೆಲಸ ಹಿಡಿದ ಸೀಮೆಗೆ ಇನ್ನೊಬ್ಬರು ಕಾಲಿಡಬಾರದು. ಒಂದು ಸಭೆ ಶಿಸ್ತಿನ ಕಾರಣಕ್ಕೆ ಹೊರಗಿಟ್ಟವನನ್ನು ಇನ್ನೊಂದು ಸಭೆ ವಿಚಾರಿಸದೆ ಸೇರಿಸಿಕೊಳ್ಳಬಾರದು. ಒಂದು ಮಿಷನ್ನಿನ ಉಪದೇಶಿಯನ್ನು ಹೆಚ್ಚು ಸಂಬಳದ ಆಸೆ ತೋರಿಸಿ ಇನ್ನೊಂದು ಕರೆದುಕೊಳ್ಳಬಾರದು. ಮಿಷನ್‌ಗಳು ಹೀಗೆ ಒಟ್ಟು ಕೂಡಿ ಮಾತಾಡಲು ವೇದಿಕೆಗಳೂ ಇದ್ದವು: 1879ರಲ್ಲಿ ದಕ್ಷಿಣ ಭಾರತದ ಮಿಷನರಿಗಳ ಸಮ್ಮೇಳನ ನಮ್ಮ ಬೆಂಗಳೂರಿನಲ್ಲೇ ಸೇರಿತ್ತು.

ಕನ್ನಡ ನಾಡಿನಲ್ಲಿ ಹಂಚಿಕೆ ಸ್ಥೂಲವಾಗಿ ಹೀಗಾಯಿತು. ಬಾಸೆಲ್ ಮಿಷನ್ನಿಗೆ ಕರಾವಳಿ, ಕೊಡಗು ಮತ್ತು ಮುಂಬಯಿ ಕರ್ನಾಟಕ. ಅವರು ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಗದಗಿನ ಬೆಟಗೇರಿಯಲ್ಲಿ 1841ರಲ್ಲಿ ನೆಲೆಯೂರಿದರು. ಲಂಡನ್ ಮಿಷನ್ನಿಗೆ ಬಳ್ಳಾರಿ, ಬೆಂಗಳೂರಿನ ಒಂದು ಪಾಲು, ಬೆಳಗಾವಿ. ವೆಸ್ಲಿಯನ್ನರು 1821ರಲ್ಲಿ ಬೆಂಗಳೂರಿಗೆ ಬಂದು ಮೊದಲು ದಂಡಿನ ತಮಿಳರ ನಡುವೆ ದುಡಿದರು. 1837ರಲ್ಲಿ ಗುಬ್ಬಿಯಲ್ಲಿ ಕನ್ನಡದ ಕೆಲಸ ಹಿಡಿದ ಮೇಲೆ ತುಮಕೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಎಂದು ಹಬ್ಬಿದರು. ಶಿವಮೊಗ್ಗದ ಠಾಣೆಯ ಪಾಲಿಗೆ ಮಲೆನಾಡೂ ಅರೆಮಲೆನಾಡೂ ಸೇರಿದವು.

ಬಿಟ್ಟುಕೊಟ್ಟ ಉದಾಹರಣೆಗಳೂ ಉಂಟು. ಬೆಳಗಾವಿಯನ್ನು ನಡೆಸಲು ಕಷ್ಟವಾದಾಗ ಲಂಡನ್ ಮಿಷನ್ 1904ರಲ್ಲಿ ಅದನ್ನು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿತು. ಎಂಟು ದಶಕಕ್ಕೂ ಮೀರಿ ಬೆಳೆಸಿದ ಶಾಲೆ, ದೇವಾಲಯ, ಸಮಾಧಿಭೂಮಿಗಳನ್ನೂ ಸಭೆಯ ಜನರನ್ನೂ ಇನ್ನೊಬ್ಬರ ಕೈಗೆ ಕೊಟ್ಟು ಹೊರಡುವುದು ಸಣ್ಣ ಮಾತಲ್ಲ.

ಆದರೂ ಹೇಳಲೇಬೇಕಾದ ಮಾತು ಒಂದಿದೆ. ಈ ಹಂಚಿಕೆಯಲ್ಲಿ ಹಳ್ಳಿಯವರನ್ನು ಯಾರೂ ಕೇಳಲಿಲ್ಲ. ಒಬ್ಬ ಕನ್ನಡಿಗ ಮೆಥಡಿಸ್ಟನೋ ಬಾಸೆಲ್‌ನವನೋ ಎಂಬುದನ್ನು ಅವನ ಊರು ಗೆರೆಯ ಯಾವ ಬದಿಗಿದೆ ಎಂಬುದೇ ಗೊತ್ತುಮಾಡಿತು. ಇಂಗ್ಲೆಂಡಿನಲ್ಲಿ ಯಾವುದೋ ಶತಮಾನದಲ್ಲಿ ನಡೆದ ಜಗಳಕ್ಕೆ ಹುಟ್ಟಿದ ಹೆಸರು ಗುಬ್ಬಿಯ ರೈತನ ಬೆನ್ನಿಗಂಟಿತು. ಮುಂದೆ ಐಕ್ಯದ ಕೂಗು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಗಟ್ಟಿಯಾಗಿ ಎದ್ದದ್ದು ಭಾರತೀಯ ಕ್ರೈಸ್ತರಿಂದಲೇ ಎಂಬುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ.

ಅಂಚಿನ ಎರಡು ತಾಲ್ಲೂಕು

ಶಿಕಾರಿಪುರ, ಸೊರಬಗಳಲ್ಲಿ ಗುಬ್ಬಿ, ತುಮಕೂರು, ಹಾಸನಗಳಂಥ ದೊಡ್ಡ ಮಿಷನ್ ಕೇಂದ್ರ ಬೆಳೆಯಲಿಲ್ಲ. ಎರಡೂ ಸೀಮೆಯ ಕೊನೆಯಂಚಿನಲ್ಲಿದ್ದವು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಮುಂದೆ ಅದು ಸಾಗರದ ಕಡೆ ತಿರುಗಿತೇ ಹೊರತು ಶಿಕಾರಿಪುರಕ್ಕೆ ಬರಲಿಲ್ಲ. ಬಂಡಿ ಹೂಡಿಕೊಂಡು, ಡೇರೆ ಹೊತ್ತು ತಿರುಗಬೇಕಾದ ದಾರಿ. ಮಳೆಗಾಲ ಬಂದರೆ ದಾರಿಯೇ ಇಲ್ಲ. ಅದರ ಮೇಲೆ ಮಲೆನಾಡಿನ ಚಳಿಜ್ವರ.

ಇಂಥ ಕಡೆ ಕೆಲಸ ನಡೆಸಿದವರು ಬಿಳಿಯ ಪಾದ್ರಿಗಳಿಗಿಂತ ಹೆಚ್ಚಾಗಿ ಕನ್ನಡದ ಉಪದೇಶಿಗಳು, ಮನೆಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಓದಿ ಹೇಳುತ್ತಿದ್ದ ಬೈಬಲ್ ಹೆಂಗಸರು, ಮತ್ತು ಪುಸ್ತಕ ಮಾರುವವರು. ಸಂತೆ, ಜಾತ್ರೆಗಳೇ ಅವರ ಜಾಗ. ಹತ್ತೂರಿನ ಜನ ಒಂದೆಡೆ ಸಿಗುವುದು ಅಲ್ಲಿ ತಾನೆ? ಮರದ ನೆರಳಲ್ಲಿ ನಿಂತು ಒಂದು ಪದ ಹಾಡಿ, ನಾಲ್ಕು ಜನ ಕೂಡಿದ ಮೇಲೆ ಒಂದು ಸಾಮತಿ ಹೇಳಿ, ಕೊನೆಗೆ ಕಾಸಿಗೊಂದು ಚೋಪಡಿ ಕೊಡುವುದು ರೂಢಿ. ವರದಿಗಳಲ್ಲಿ ಪಾದ್ರಿಗಳ ಹೆಸರು ಅಚ್ಚಾಯಿತು. ಚೋಪಡಿ ಹೊತ್ತು ನಡೆದವರ ಹೆಸರು ಹೆಚ್ಚಿನವು ಅಳಿದುಹೋದವು. ಈ ಚರಿತ್ರೆಯಲ್ಲಿ ನನಗೆ ಬಹಳ ನೋವಿನ ಸಂಗತಿ ಇದು.

1876–78ರ ಧಾತು-ಈಶ್ವರ ಬರ ಮೈಸೂರನ್ನು ಹಿಂಡಿತು. ಬರದಲ್ಲಿ ತಬ್ಬಲಿಯಾದ ಮಕ್ಕಳಿಗಾಗಿ ವೆಸ್ಲಿಯನ್ನರು ಹಾಸನ, ತುಮಕೂರುಗಳಲ್ಲಿ ಅನಾಥಾಲಯ ತೆರೆದರು. ಅಲ್ಲಿ ಬೆಳೆದ ಮಕ್ಕಳಿಂದ ಮುಂದೆ ಹಲವು ಸಭೆಗಳು ತುಂಬಿದವು. ಹಸಿದಾಗ ಸಿಕ್ಕ ಅನ್ನ ಮತ್ತು ನಂಬಿಕೆ ಇವುಗಳ ನಂಟು ಆಗಲೂ ವಾದಕ್ಕೆ ಕಾರಣವಾಯಿತು, ಈಗಲೂ ಆಗುತ್ತದೆ. ಆ ಮಕ್ಕಳನ್ನು ಬದುಕಿಸಿಕೊಂಡದ್ದಂತೂ ನಿಜ.

ನಮ್ಮ ಈ ಅಂಚಿನ ತಾಲ್ಲೂಕುಗಳು ಮೊದಲಿನಿಂದಲೂ ಹಲವು ಪಂಥಗಳು ಬಂದು ತಂಗಿದ ನೆಲ. ಅಲ್ಲಮನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ, ಅಲ್ಲಿ ಹಲವು ದರ್ಶನಗಳನ್ನು ಓದಿಸುತ್ತಿದ್ದುದನ್ನೂ ಜೈನ, ಬೌದ್ಧ ಭಿಕ್ಷುಗಳೂ ಸೇರಿ ಬಂದವರಿಗೆಲ್ಲ ಅನ್ನ ಇಡುತ್ತಿದ್ದುದನ್ನೂ ಹೇಳುತ್ತದೆ. ಆ ಶಾಸನವನ್ನೂ ತಾಳಗುಂದದ ಕದಂಬರ ಕಂಬಶಾಸನವನ್ನೂ ಅಚ್ಚು ಹಾಕಿಸಿ ನಮ್ಮ ಕೈಗಿತ್ತವರು ಬಿ.ಎಲ್. ರೈಸ್. ಶಿಕಾರಿಪುರದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ (1902), ಸೊರಬದವು 8ನೇ ಸಂಪುಟದಲ್ಲಿ (1904) ಬಂದವು. ರೈಸ್ ಬೆಂಗಳೂರಿನಲ್ಲಿ ಹುಟ್ಟಿದವರು. ಅವರ ತಂದೆ ಬೆಂಜಮಿನ್ ರೈಸ್ ಐವತ್ತು ವರ್ಷ ಬೆಂಗಳೂರಿನಲ್ಲಿ ದುಡಿದ ಲಂಡನ್ ಮಿಷನ್ ಪಾದ್ರಿ. ನಮ್ಮ ತಾಲ್ಲೂಕುಗಳಿಗೆ ಮಿಷನ್ ಮನೆತನದಿಂದ ಬಂದ ದೊಡ್ಡ ಕೊಡುಗೆ ಸಭೆಯ ರೂಪದಲ್ಲಿ ಬರಲಿಲ್ಲ, ಶಾಸನಗಳ ಓದಿನ ರೂಪದಲ್ಲಿ ಬಂತು.

ಎಲ್ಲರಿಗೂ ಒಂದೇ ಸತ್ಯವೇದ

ನೆಲ ಹಂಚಿಕೊಂಡರೂ ಪುಸ್ತಕವನ್ನು ಹಂಚಿಕೊಳ್ಳಲು ಬರುವುದಿಲ್ಲ. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಮಾಡಿದ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ತಿಯಾಯಿತು. ರೀವ್ ಜೊತೆಗೆ ನಿಘಂಟನ್ನೂ ಕಟ್ಟಿದರು: ಇಂಗ್ಲಿಷ್–ಕನ್ನಡ 1824ರಲ್ಲಿ, ಕನ್ನಡ–ಇಂಗ್ಲಿಷ್ 1832ರಲ್ಲಿ. ಮೊದಲ ಅನುವಾದ ಒರಟಾಗಿತ್ತು. ಅದನ್ನು ತಿದ್ದಲು ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಕೈಹಚ್ಚಿದರು. ಬೆಂಗಳೂರಿನಲ್ಲಿ ಬೇರೆಬೇರೆ ಮಿಷನ್‌ಗಳವರು ಒಟ್ಟಿಗೆ ಕುಳಿತು ಪದಪದಕ್ಕೂ ವಾದ ಮಾಡಿದರು. ಅವರ ಪಕ್ಕದಲ್ಲಿ ಕನ್ನಡ ಪಂಡಿತರು, ಮುನ್ಷಿಗಳು ಇದ್ದರು. ಹುಬ್ಬಳ್ಳಿಯ ಆಡುಮಾತು, ಮಂಗಳೂರಿನ ಬರಹ, ಮೈಸೂರಿನ ನುಡಿ ಮೂರಕ್ಕೂ ಹೊಂದುವ ಕನ್ನಡ ಬೇಕಾಗಿತ್ತು. ಏಕೀಕರಣದ ಮಾತೇ ಹುಟ್ಟದ ಕಾಲದಲ್ಲಿ ಮೂರು ಆಡಳಿತಗಳ ಕನ್ನಡಿಗರು ಭಾನುವಾರ ಬೆಳಗ್ಗೆ ಒಂದೇ ಗದ್ಯವನ್ನು ಕೇಳುತ್ತಿದ್ದರು. ಇದರ ತೂಕವನ್ನು ಕನ್ನಡ ಗದ್ಯದ ಚರಿತ್ರೆ ಬರೆಯುವವರು ಇನ್ನಷ್ಟು ಗಮನಿಸಬೇಕು.

ಉಪದೇಶಿಗಳ ತರಬೇತಿಯೂ ನಿಧಾನವಾಗಿ ಒಂದಾಯಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಹಲವು ಮಿಷನ್‌ಗಳು ಸೇರಿ ಕಟ್ಟಿದ್ದು. ಕನ್ನಡದಲ್ಲೇ ಕಲಿಸಲು ತುಮಕೂರಿನಲ್ಲಿ ಯೂನಿಯನ್ ಕೆನರೀಸ್ ಸೆಮಿನರಿ ಇತ್ತು. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಡನೆ ಬೆರೆತು ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು.

1947

ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಹಿಡಿದಿಟ್ಟು ಊರಿಗೆ ಕಳುಹಿಸಿದರು. ಆ ಮಿಷನ್ ನಡೆಸುತ್ತಿದ್ದ ಹೆಂಚಿನ, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆಗಳು ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಬೇರೆಯವರ ಯುದ್ಧಕ್ಕೆ ನಮ್ಮ ಸಭೆ ಏಕೆ ಒಡೆಯಬೇಕು ಎಂಬ ಪ್ರಶ್ನೆ ಆಗ ಹರಿತವಾಯಿತು. 1919ರಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ಅಜರಯ್ಯ ಮೊದಲಾದವರು ಐಕ್ಯದ ಹೇಳಿಕೆ ಹೊರಡಿಸಿದರು. ಮಾತುಕತೆ 28 ವರ್ಷ ಹಿಡಿಯಿತು.

ಸಿಕ್ಕು ಇದ್ದದ್ದು ಬಿಷಪರ ಹುದ್ದೆಯಲ್ಲಿ. ಈ ಮಾತುಕತೆಗೆ ಸೇರಿದ್ದ ಆಂಗ್ಲಿಕನ್ನರಿಗೆ, ಅಂದರೆ ಇಂಗ್ಲೆಂಡಿನ ಅಧಿಕೃತ ಸಭೆಯ ಕ್ರಮದವರಿಗೆ, ಬಿಷಪರು ಕೈಯಿಟ್ಟು ಅಭಿಷೇಕಿಸಿದವರೇ ಪಾದ್ರಿ. ಲಂಡನ್ ಮಿಷನ್ನಿನವರಿಗೂ ಮೆಥಡಿಸ್ಟರಿಗೂ ಆ ಹಂಗಿರಲಿಲ್ಲ. ಕೊನೆಗೆ ಒಪ್ಪಿದ್ದು ಹೀಗೆ: ಇನ್ನು ಮುಂದಿನ ಅಭಿಷೇಕಗಳೆಲ್ಲ ಬಿಷಪರ ಕೈಯಿಂದ, ಈಗಾಗಲೇ ಪಾದ್ರಿಗಳಾಗಿರುವವರಿಗೆ ಮರು ಅಭಿಷೇಕವಿಲ್ಲ, ಅವರು ಹಾಗೇ ಮುಂದುವರಿಯಬಹುದು, ಮೂವತ್ತು ವರ್ಷದಲ್ಲಿ ಎಲ್ಲ ತಾನಾಗಿ ಸರಿಹೋಗಲಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಮೈಸೂರು ಧರ್ಮಪ್ರಾಂತಕ್ಕೆ ಮೊದಲ ಬಿಷಪರಾಗಿ ಗುರುಶಾಂತ ಅವರು ಅಂದೇ ಅಭಿಷಿಕ್ತರಾದರು. ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳು ಹಂತಹಂತವಾಗಿ ಸೇರಿಕೊಂಡವು. 1970ರಲ್ಲಿ ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ಕರ್ನಾಟಕ ಧರ್ಮಪ್ರಾಂತಗಳಾದವು.

ಗೆರೆಯ ಹೊರಗಿದ್ದವರು

ಈ ಐಕ್ಯ ಎಲ್ಲರನ್ನೂ ಒಳಗೊಳ್ಳಲಿಲ್ಲ. ಬೆಳಗಾವಿ, ಬೀದರ್, ಕೋಲಾರಗಳ ಅಮೆರಿಕನ್ ಮೆಥಡಿಸ್ಟ್ ಸಭೆ ಇಂದಿಗೂ ಬೇರೆಯಾಗಿಯೇ ಇದೆ. ಕ್ಯಾಥೊಲಿಕರು ಸೀಮೆ ಹಂಚಿಕೆಯ ಒಪ್ಪಂದಕ್ಕೆ ಎಂದೂ ಸೇರಿದವರಲ್ಲ. ಅವರ ಶಿವಮೊಗ್ಗ ಧರ್ಮಪ್ರಾಂತ 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟು ಆಯಿತು. ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲ ಹಿಡಿದ ಸಿರೋ ಮಲಬಾರ್ ಕ್ರೈಸ್ತರಿಗಾಗಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ ಬಂತು. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಪೋಪರನ್ನು ಒಪ್ಪುವ ಇಬ್ಬರು ಬಿಷಪರು, ಎರಡು ಬಗೆಯ ಬಲಿಪೂಜೆ.

ಪ್ರಾಟೆಸ್ಟೆಂಟರ ‘ಸುವಾರ್ತೆ’ ಕ್ಯಾಥೊಲಿಕರಿಗೆ ‘ಶುಭಸಂದೇಶ’. ಅವರಿಗೆ ಸಭಾಪಾಲಕರು, ಇವರಿಗೆ ಗುರುಗಳು. ಈ ಎರಡು ಕನ್ನಡಗಳೂ ಈಗ ಒಂದೇ ಪುಸ್ತಕದಲ್ಲಿ ಎದುರಾಗುತ್ತವೆ. ಬೈಬಲ್ ಸೊಸೈಟಿ ಕ್ಯಾಥೊಲಿಕರನ್ನೂ ಕೂಡಿಸಿಕೊಂಡು ಸರಳಗನ್ನಡದ ಅನುವಾದವೊಂದನ್ನು ಹೊರತಂದಿದೆ. ಹಳೆಯ ಸತ್ಯವೇದದಲ್ಲಿ ‘ಯೆಹೋವ’ ಎಂದಿದ್ದ ಕಡೆ ಅದರಲ್ಲಿ ‘ಸರ್ವೇಶ್ವರ’ ಎಂದಿದೆ. ವಯಸ್ಸಾದವರು ಹಳೆಯ ಪ್ರತಿಯನ್ನೇ ಮಡಿಲಲ್ಲಿಟ್ಟುಕೊಂಡು ಬರುತ್ತಾರೆ, ಹುಡುಗರು ಹೊಸದನ್ನು ಮೊಬೈಲಿನಲ್ಲಿ ತೆರೆಯುತ್ತಾರೆ.