ನೋಡುವ ಪಟ್ಟಿ, ಹೊರುವ ಗಂಟು



ವೈದ್ಯನೊಬ್ಬ ಷೇರುಪೇಟೆಯ ಚರಿತ್ರೆಯನ್ನು ಹೇಳಹೊರಟಿರುವುದು ತಮಗೆ ವಿಚಿತ್ರವೆನಿಸಬಹುದು. ಆದರೆ ನಮ್ಮವರ ಹಬ್ಬದೂಟದ ಪಂಕ್ತಿಯಲ್ಲಿ ‘ಅಂದು ಇನ್ಫೋಸಿಸ್ ಷೇರು ಕೊಂಡಿದ್ದರೆ’ ಎಂಬ ನಿಟ್ಟುಸಿರು ಆಗಾಗ್ಗೆ ಕೇಳಿಬರುತ್ತದೆ. ನನ್ನ ವಿಷಯವಿರುವುದು ಆ ‘ಕೊಂಡಿದ್ದರೆ’ ಎಂಬ ಮಾತಿನಲ್ಲಿ. ಬೆಲೆಯ ಏರಿಳಿತವನ್ನು ಗಮನಿಸಲೆಂದು ಗುರುತಿಟ್ಟುಕೊಂಡ ಕಂಪನಿಗಳ ಪಟ್ಟಿ ವಾಚ್‌ಲಿಸ್ಟ್. ಹಣ ತೆತ್ತು ನಮ್ಮದಾಗಿಸಿಕೊಂಡ ಹೂಡಿಕೆಗಳ ಸಮೂಹ ಪೋರ್ಟ್‌ಫೋಲಿಯೊ. ಬಿಡಿ ಕಾಗದಗಳನ್ನು ಹೊತ್ತೊಯ್ಯುವ ಚೀಲವೆಂಬ ಅರ್ಥದ ಇಟಾಲಿಯನ್ ಪದದಿಂದ ಬಂದ ಮಾತಿದು. ಮೊದಲನೆಯದನ್ನು ನೋಡುತ್ತೇವೆ, ಎರಡನೆಯದನ್ನು ಹೊರುತ್ತೇವೆ.

ಇದೇ ಮೆಲ್ಬರ್ನಿನ ಷೇರು ವಿನಿಮಯ ಕೇಂದ್ರದಲ್ಲಿ ಒಂದು ಕಾಲಕ್ಕೆ ತರುಣ ಗುಮಾಸ್ತರು ದೊಡ್ಡ ಹಲಗೆಗಳ ಮೇಲೆ ಸೀಮೆಸುಣ್ಣದಿಂದ ಬೆಲೆಗಳನ್ನು ಬರೆಯುತ್ತಿದ್ದರು. 1969ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯದ ವಿಂಡಾರಾದಲ್ಲಿ ನಿಕ್ಕಲ್ ದೊರೆಯಿತೆಂಬ ಸುದ್ದಿ ಹಬ್ಬಿತು. ಒಂದು ಡಾಲರಿಗೂ ಕಡಿಮೆಯಿದ್ದ ಪೊಸೈಡನ್ ಕಂಪನಿಯ ಷೇರು 1970ರ ಫೆಬ್ರವರಿಯಲ್ಲಿ 280 ಡಾಲರ್ ಮುಟ್ಟಿ, ಬಳಿಕ ಕುಸಿಯಿತು. ಹಲಗೆಯ ಮೇಲಿನ ಬೆಲೆ ಎಲ್ಲರಿಗೂ ಒಂದೇ. ಬರಿದೆ ನೋಡಿದವನಿಗೆ ಅದು ಕೌತುಕ. ಮೊದಲೇ ಕೊಂಡು ಶಿಖರದಲ್ಲಿ ಮಾರಿದವನಿಗೆ ಭಾಗ್ಯ. ಶಿಖರದಲ್ಲಿ ಕೊಂಡವನಿಗೆ ಸರ್ವನಷ್ಟ. ಕೊಂಡ ದಿನ, ಕೊಂಡ ಬೆಲೆ, ಕೊಂಡವನ ಹೆಸರು ಈ ಮೂರೂ ಹಲಗೆಯ ಮೇಲಿರಲಿಲ್ಲ.

ಇನ್ನು ನಮ್ಮ ಬೆಂಗಳೂರಿನ ಮಾತು. ಇನ್ಫೋಸಿಸ್ 1993ರ ಫೆಬ್ರವರಿಯಲ್ಲಿ ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರ ಮುಂದೆ ಬಂದಾಗ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಮಾರ್ಗನ್ ಸ್ಟಾನ್ಲಿ ಸಂಸ್ಥೆ ಶೇಕಡಾ 13ರಷ್ಟು ಪಾಲನ್ನು ಕೊಂಡು ಕೈಹಿಡಿಯಿತು. ಜೂನ್ ತಿಂಗಳಲ್ಲಿ ಪೇಟೆಯಲ್ಲಿ 145 ರೂಪಾಯಿಗೆ ವಹಿವಾಟು ಆರಂಭವಾದಾಗ 50 ರೂಪಾಯಿಯ ಲಾಭಕ್ಕೆ ತೃಪ್ತನಾಗಿ ಮಾರಿದವನನ್ನು ಅವಿವೇಕಿ ಎನ್ನುವಂತಿರಲಿಲ್ಲ. ಮುಂದೆ ಮತ್ತೆ ಮತ್ತೆ ಬಂದ ಬೋನಸ್ ಷೇರುಗಳು ದೊರೆತದ್ದು ಷೇರನ್ನು ಕೈಬಿಡದೆ ಕಾದವರಿಗೆ ಮಾತ್ರ. ‘ಕೊಂಡಿದ್ದರೆ’ ಎನ್ನುವವರು ಈ ಕಾಯುವಿಕೆಯನ್ನೂ, ಆ ಕಾಲದಲ್ಲಿಯೇ ಹೊರಟು ಹೇಳಹೆಸರಿಲ್ಲದಂತಾದ ಕಂಪನಿಗಳನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ನೋಡದೆ ಹೊರುವುದರಲ್ಲಿಯೂ ಅಪಾಯವುಂಟು. ಊರಿನಲ್ಲಿ ತಂದೆಯವರು ಕೊಂಡಿಟ್ಟ ಷೇರು ಪತ್ರಗಳು ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಮರೆತುಹೋಗಿರುವುದುಂಟು. ಭಾರತದ 2013ರ ಕಂಪನಿ ಕಾಯಿದೆಯಂತೆ ಸತತ ಏಳು ವರ್ಷ ಲಾಭಾಂಶವನ್ನು ಯಾರೂ ಪಡೆಯದಿದ್ದರೆ, ಆ ಷೇರುಗಳೇ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ವರ್ಗವಾಗುತ್ತವೆ. ವಾರಸುದಾರರು ತಕ್ಕ ದಾಖಲೆಗಳನ್ನು ಒದಗಿಸಿ ಮರಳಿ ಪಡೆಯಬಹುದು. ಆದರೆ ಅಂಥ ಷೇರು ಇತ್ತೆಂಬುದು ಮೊದಲು ಅವರಿಗೆ ತಿಳಿದಿರಬೇಕಷ್ಟೆ. ಕಾಗದದ ಷೇರು ಪತ್ರಗಳನ್ನು 2019ರ ಏಪ್ರಿಲ್‌ನಿಂದೀಚೆಗೆ ಡಿಮ್ಯಾಟ್ ಮಾಡಿಸದೆ ಮಾರಲೂ ಬರುವುದಿಲ್ಲ.

ವಾಚ್‌ಲಿಸ್ಟ್ ಅದನ್ನು ಬರೆದವನೊಡನೆ ಮುಗಿಯುತ್ತದೆ. ಪೋರ್ಟ್‌ಫೋಲಿಯೊ ಮಕ್ಕಳ ಹೆಗಲಿಗೆ ಬರುತ್ತದೆ. ನಾವು ವೈದ್ಯರು ರೋಗಿಯನ್ನು ಕಂಡೊಡನೆ ಅವನ ತಂದೆತಾಯಿಗಳಿಗಿದ್ದ ಕಾಯಿಲೆಗಳನ್ನು ವಿಚಾರಿಸುತ್ತೇವೆ. ಮುಂದಿನ ಸಲ ಊರಿಗೆ ಹೋದಾಗ ಹಿರಿಯರೊಡನೆ ಕುಳಿತು ಕಂಪನಿಯ ಹೆಸರು, ಫೋಲಿಯೊ ಸಂಖ್ಯೆ, ಜಂಟಿ ಹೆಸರು, ನಾಮಿನಿ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಲ್ಲಿ ತಾವು ಕೂಡಿಟ್ಟುದನ್ನೂ ಮನೆಯವರಿಗೆ ತಿಳಿಯುವಂತೆ ಬರೆದಿಡಿ.