ಪೀಣ್ಯದ ಕತ್ತರಿಗಳು

ಬೆಂಗಳೂರಿನ ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ಹಬ್ಬಿರುವ ಪೀಣ್ಯವೆಂದೊಡನೆ ಕಣ್ಣಿಗೆ ಕಟ್ಟುವುದು ಲೇಥುಗಳು, ಅಚ್ಚುಗಳು, ಗಿಲೀಟಿನ ತೊಟ್ಟಿಗಳು, ಸರಕು ಹೇರಿದ ಟೆಂಪೊಗಳು. ಜೀನ್ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಈ ಪೇಟೆಯನ್ನು ಬಳಸಿಕೊಂಡು ಮುಂದೆ ಹೋಗಿ, ವಿದ್ಯಾಲಯಗಳ ಮರಗಳ ನೆರಳಿನಲ್ಲಿಯೋ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳಲ್ಲಿಯೋ ತಮ್ಮ ಕಥೆಯನ್ನು ಆರಂಭಿಸುತ್ತಾರೆ. ನನಗಾದರೋ ಅದನ್ನು ಪೀಣ್ಯದಿಂದಲೇ ಆರಂಭಿಸುವುದು ನ್ಯಾಯವೆಂದು ತೋರುತ್ತದೆ. ಏಕೆಂದರೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಸೂಕ್ಷ್ಮವಾದ ದುಂಡುಹುಳುವೊಂದರ ಆನುವಂಶಿಕತೆಯನ್ನು ಅಭ್ಯಸಿಸಿದ್ದ ಆಣ್ವಿಕ ಜೀವವಿಜ್ಞಾನಿ ಪಿ. ಬಾಬು ಅವರು 1989ರಲ್ಲಿ ಸ್ಥಾಪಿಸಿದ ಬ್ಯಾಂಗಲೋರ್ ಜೀನಿ ಎಂಬ ಸಂಸ್ಥೆಯು ಬೇರೂರಿದ್ದು ಈ ಕಬ್ಬಿಣದ ಸದ್ದಿನ ನಡುವೆಯೇ, ಮತ್ತು ಅಲ್ಲಿ ತಯಾರಾದ ಸರಕು ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳು.

ಈ ಕತ್ತರಿಗಳನ್ನು ಕಲ್ಪಿಸಿದವನು ಮನುಷ್ಯನಲ್ಲ. ಬ್ಯಾಕ್ಟೀರಿಯಗಳನ್ನು ಹೊಕ್ಕು, ಅವುಗಳ ಒಡಲಲ್ಲಿಯೇ ತಮ್ಮ ಸಂತತಿಯನ್ನು ಬೆಳೆಸಿ, ಕೊನೆಗೆ ಆಶ್ರಯವಿತ್ತ ಒಡಲನ್ನೇ ಸೀಳಿ ಹೊರಬರುವ ಫೇಜ್ ಎಂಬ ವೈರಸ್ಸುಗಳಿಗೂ ಬ್ಯಾಕ್ಟೀರಿಯಗಳಿಗೂ ಅನಾದಿಯೆನ್ನಬಹುದಾದ ವೈರವುಂಟು. ಒಂದು ತಳಿಯ ಬ್ಯಾಕ್ಟೀರಿಯದಲ್ಲಿ ಹುಲುಸಾಗಿ ಬೆಳೆದ ಫೇಜು ಮತ್ತೊಂದು ತಳಿಯಲ್ಲಿ ನಿರ್ವೀರ್ಯವಾಗುವುದನ್ನು 1952ರಲ್ಲಿ ಲೂರಿಯ ಮತ್ತು ಹ್ಯೂಮನ್ ಅವರು ಗಮನಿಸಿದರು. ಅದಕ್ಕೆ ಕಾರಣವು ಪರಕೀಯ ಡಿಎನ್‌ಎಯನ್ನು ತುಂಡರಿಸುವ ಕಿಣ್ವವಿರಬೇಕೆಂದು ಸ್ವಿಟ್ಸರ್ಲೆಂಡಿನ ವರ್ನರ್ ಆರ್ಬರ್ ತರ್ಕಿಸಿದರು. 1970ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ನಿಯತವಾದ ಸ್ಥಳದಲ್ಲಿಯೇ ಕತ್ತರಿಸುವ ಅಂಥದೊಂದು ಕಿಣ್ವವನ್ನು ಪ್ರತ್ಯೇಕಿಸಿ ತೋರಿಸಿದರು. ಇಕೋಆರ್‌ಒನ್ ಎಂಬ ಪ್ರಸಿದ್ಧ ಕಿಣ್ವವು ಡಿಎನ್‌ಎಯ ನಾಲ್ಕು ಅಕ್ಷರಗಳ ಬರಹದಲ್ಲಿ ಜಿ-ಎ-ಎ-ಟಿ-ಟಿ-ಸಿ ಎಂಬ ಷಡಕ್ಷರಿಯನ್ನು ಕಂಡಲ್ಲಿ ಮಾತ್ರ ಕತ್ತರಿ ಹಾಕುತ್ತದೆ. ಬ್ಯಾಕ್ಟೀರಿಯವು ತನ್ನ ಸ್ವಂತ ಬರಹದಲ್ಲಿ ಅದೇ ಷಡಕ್ಷರಿ ಬಂದ ಕಡೆಗಳಲ್ಲೆಲ್ಲ ಮೀಥೈಲಿನ ಮುದ್ರೆಯನ್ನೊತ್ತಿ ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತದೆ. ಶತ್ರುವಿಗೆ ಕತ್ತಿ, ಸ್ವಜನಕ್ಕೆ ಮುದ್ರೆ: ಇಷ್ಟು ಮಿತವ್ಯಯದ ರಾಜನೀತಿಯನ್ನು ನಮ್ಮ ಅರ್ಥಶಾಸ್ತ್ರಕಾರರೂ ಮೆಚ್ಚಿಯಾರು.

ಈ ಕಿಣ್ವಗಳಿಲ್ಲದೆ ಜೀನುಗಳ ಜೋಡಣೆಯಿಲ್ಲ. ಆದರೆ ಅವು ಅತಿ ಕೋಮಲ ಪದಾರ್ಥಗಳು. ಗ್ಲಿಸರಾಲಿನಲ್ಲಿ ಬೆರೆಸಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಾಡದಿದ್ದರೆ ಸತ್ವಹೀನವಾಗುತ್ತವೆ. ಪರದೇಶದಿಂದ ತರಿಸಿದ ಪೊಟ್ಟಣವು ಸುಂಕದ ಕಟ್ಟೆಯಲ್ಲಿ ತಡೆದು ನಿಂತು ಅದರೊಳಗಿನ ಮಂಜುಗಡ್ಡೆ ಕರಗಿತೆಂದರೆ, ವಿದೇಶೀ ವಿನಿಮಯಕ್ಕೆ ಅಂಗಲಾಚಿ ಅದನ್ನು ಪಡೆದ ಪ್ರಯೋಗಶಾಲೆಗೆ ಉಳಿಯುವುದು ಬೆಲೆಪಟ್ಟಿ ಮಾತ್ರ. ಆದಕಾರಣ ಬ್ಯಾಕ್ಟೀರಿಯಗಳನ್ನು ಇಲ್ಲಿಯೇ ಬೆಳೆಸಿ, ಅವುಗಳ ಕೋಶಗಳನ್ನೊಡೆದು, ಆ ರಸವನ್ನು ಸ್ತಂಭಗಳ ಮೂಲಕ ಹಾಯಿಸಿ ಕಿಣ್ವವನ್ನು ಶುದ್ಧಗೊಳಿಸಿ ಸ್ವದೇಶದ ವಿದ್ಯಾರ್ಥಿಯ ಕೈಗೆಟುಕಿಸಿದ ಕಾರ್ಯವನ್ನು ನಾನು ಒಂದು ಹೊಸ ಆವಿಷ್ಕಾರಕ್ಕಿಂತ ಕಿರಿದೆಂದು ಎಣಿಸಲಾರೆ. ನಮ್ಮ ವಿಜ್ಞಾನಚರಿತ್ರಕಾರರು ಪ್ರಶಸ್ತಿಗಳನ್ನು ಎಣಿಸುವ ಭರದಲ್ಲಿ ಸಲಕರಣೆ ಮಾಡಿಕೊಟ್ಟವರನ್ನು ಮರೆಯುತ್ತಾರೆ. ಬ್ಯಾಂಗಲೋರ್ ಜೀನಿ ತರುವಾಯ ಸನ್ಮಾರ್ ಸಮೂಹದ ವಶವಾಗಿ, 2009ರಲ್ಲಿ ಮರ್ಕ್ ಕಂಪನಿಯ ಕೈ ಸೇರಿತು. ಜೀನ್ ಬದಲಿಸಿದ ಜೀವಿಗಳ ಕುರಿತ ಭಾರತ ಸರ್ಕಾರದ ನಿಯಮಾವಳಿ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಹೊರಬಿದ್ದುದೂ ಆ ಸಂಸ್ಥೆ ಹುಟ್ಟಿದ 1989ರಲ್ಲಿಯೇ.

ಪೀಣ್ಯದ ನೆರೆಯಲ್ಲೇ ಎನ್ನಬಹುದಾದ ಭಾರತೀಯ ವಿಜ್ಞಾನ ಮಂದಿರದಲ್ಲಿ ಇದೇ ಕಿಣ್ವಗಳ ಅಂತರಂಗವನ್ನು ಶೋಧಿಸುವ ಕೆಲಸ ದೀರ್ಘಕಾಲ ನಡೆಯಿತು. ವಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು ಕೆಪಿಎನ್‌ಒನ್ ಎಂಬ ಕಿಣ್ವವನ್ನು ಪರೀಕ್ಷಿಸಿ, ಅದು ಎಚ್‌ಎನ್‌ಎಚ್ ಎಂಬ ವಂಶಕ್ಕೆ ಸೇರಿದ್ದೆಂದು 2004ರಲ್ಲಿ ತೋರಿಸಿದರು. ಮುಂದೆ ಜಗತ್ಪ್ರಸಿದ್ಧವಾದ ಕ್ಯಾಸ್-9 ಎಂಬ ಕತ್ತರಿಯ ಎರಡು ಅಲಗುಗಳಲ್ಲಿ ಒಂದು ಇದೇ ಎಚ್‌ಎನ್‌ಎಚ್ ವಂಶದ್ದು.

ಬ್ಯಾಕ್ಟೀರಿಯದ ಆಯುಧವನ್ನು ಕಸಿದುಕೊಳ್ಳುವುದು ಒಂದು ಮಾರ್ಗವಾದರೆ, ಅದರ ಶತ್ರುವಾದ ಫೇಜಿನೊಡನೆ ಮೈತ್ರಿ ಬೆಳೆಸುವುದು ಮತ್ತೊಂದು. ಗಂಗಾಯಮುನೆಗಳ ನೀರು ಕಾಲರಾ ರೋಗಾಣುಗಳನ್ನು ಕೊಲ್ಲುವುದೆಂದೂ, ಕಾಯಿಸಿದ ನೀರಿಗೆ ಆ ಶಕ್ತಿಯಿಲ್ಲವೆಂದೂ 1896ರಲ್ಲಿ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿ ವರದಿ ಮಾಡಿದ್ದನು. 1917ರಲ್ಲಿ ಫೆಲಿಕ್ಸ್ ದೆರೆಲ್ ಫೇಜುಗಳಿಗೆ ಹೆಸರಿಟ್ಟು, ಅವುಗಳಿಂದ ರೋಗಚಿಕಿತ್ಸೆ ಸಾಧ್ಯವೆಂದು ಸಾರಿದನು. ಪೆನಿಸಿಲಿನ್ ಬಂದ ಮೇಲೆ ಪಾಶ್ಚಾತ್ಯ ದೇಶಗಳು ಆ ಮಾರ್ಗವನ್ನು ಬಹುಮಟ್ಟಿಗೆ ಕೈಬಿಟ್ಟವು. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳು ಆಸ್ಪತ್ರೆಗಳಲ್ಲಿ ಹೆಚ್ಚಿದ ಈ ಕಾಲದಲ್ಲಿ ಅದೇ ಜಾಡನ್ನು ಹಿಡಿದವರು, ಆಸ್ಟ್ರಾ ಕಂಪನಿಯ ಬೆಂಗಳೂರು ಸಂಶೋಧನ ಕೇಂದ್ರದ ನೇತೃತ್ವ ವಹಿಸಿದ್ದ ಜೆ. ರಾಮಚಂದ್ರನ್. ಅವರು 2000ದಲ್ಲಿ ಆರಂಭಿಸಿದ ಗಂಗಾಜೆನ್ ಸಂಸ್ಥೆಯು ಫೇಜಿನ ಬಾಲದಲ್ಲಿರುವ, ಬ್ಯಾಕ್ಟೀರಿಯದ ಗೋಡೆಯನ್ನು ಕರಗಿಸುವ ಕಿಣ್ವದ ಅಂಶವನ್ನು ತೆಗೆದು, ಸ್ಟ್ಯಾಫಿಲೊಕಾಕಸ್ಸಿನ ಗೋಡೆಗೆ ಅಂಟಿಕೊಳ್ಳುವ ಮತ್ತೊಂದು ಪ್ರೋಟೀನಿನ ತುಣುಕಿನೊಡನೆ ಬೆಸೆದು ಪಿ-128 ಎಂಬ ವಸ್ತುವನ್ನು ನಿರ್ಮಿಸಿತು. ಸಜೀವ ಫೇಜನ್ನು ಔಷಧವೆಂದು ಒಪ್ಪಿಸುವುದಕ್ಕಿಂತ ಶುದ್ಧ ಪ್ರೋಟೀನೊಂದನ್ನು ಒಪ್ಪಿಸುವುದು ಸುಲಭವೆಂಬ ವಿವೇಕ ಇದರಲ್ಲಿದೆ. ಆದರೂ ಇಂಥ ಔಷಧಗಳ ದಾರಿ ಬಹು ಉದ್ದವಾದುದು.

ದಕ್ಷಿಣದ ಕಡೆ, ಹೊಸೂರು ರಸ್ತೆಯ ಕಥೆ ಹೆಚ್ಚು ಪರಿಚಿತವಾದದ್ದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. 1978ರಲ್ಲಿ ಕಿರಣ್ ಮಜುಂದಾರ್ ಆರಂಭಿಸಿದ ಬಯೋಕಾನ್ ಮೊದಲು ಪರಂಗಿಯ ಹಾಲಿನಿಂದ ಪಪೇನ್ ಕಿಣ್ವವನ್ನು ತೆಗೆಯುತ್ತಿದ್ದು, 2004ರ ಹೊತ್ತಿಗೆ ಯೀಸ್ಟಿನ ಒಡಲಿನಲ್ಲಿ ಮಾನವ ಇನ್ಸುಲಿನ್ನನ್ನು ಬೆಳೆಸಿ ಮಾರುಕಟ್ಟೆಗೆ ತಂದಿತು. 2007ರಲ್ಲಿ ಅದು ತನ್ನ ಕಿಣ್ವದ ವ್ಯಾಪಾರವನ್ನು ನೊವೊಜೈಮ್ಸ್ ಕಂಪನಿಗೆ ಮಾರಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಾನವ ಆನುವಂಶಿಕತೆಯ ಕೇಂದ್ರವೂ, ಜೀವಮಾಹಿತಿ ವಿಜ್ಞಾನದ ಐಬಿಎಬಿ ಸಂಸ್ಥೆಯೂ ನೆಲೆಸಿ, ಗಣಕದವರ ನೆರೆಯಲ್ಲಿ ಜೀನುಗಳ ಓದು ನಡೆಯಿತು.

ಈ ನಡುವೆ ಹೊಸ ಕತ್ತರಿಯೊಂದು ರೂಪುಗೊಳ್ಳುತ್ತಿತ್ತು. 1987ರಲ್ಲಿ ಜಪಾನಿನ ಇಶಿನೊ ಮತ್ತು ಸಂಗಡಿಗರು ಬ್ಯಾಕ್ಟೀರಿಯದ ಡಿಎನ್‌ಎಯಲ್ಲಿ ಕಂಡ ಅರ್ಥವಾಗದ ಪುನರುಕ್ತಿಗಳು, ಹಿಂದೆ ದಾಳಿಯಿಟ್ಟ ವೈರಸ್ಸುಗಳ ನೆನಪನ್ನು ಕಾದಿರಿಸುವ ಕಡತವೆಂಬುದು ಪ್ರಯೋಗದಿಂದ ರುಜುವಾತಾದದ್ದು 2007ರಲ್ಲಿ, ಅದೂ ಹಾಲು ಹೆಪ್ಪುಗಟ್ಟಿಸುವ ಸ್ಟ್ರೆಪ್ಟೊಕಾಕಸ್ಸಿನಲ್ಲಿ. ಫೇಜು ತಗಲಿ ಹೆಪ್ಪು ಕೆಡುವುದು ಹಾಲಿನ ಉದ್ಯಮಕ್ಕೆ ದೊಡ್ಡ ನಷ್ಟವಾದ್ದರಿಂದಲೇ ಆ ಶೋಧ ನಡೆಯಿತು. 2012ರಲ್ಲಿ ಶಾರ್ಪಾಂಟಿಯೆ ಮತ್ತು ಡೌಡ್ನಾ, ಈ ಕಡತದ ನೆರವಿನಿಂದ ಶತ್ರುವನ್ನು ಕತ್ತರಿಸುವ ಕ್ಯಾಸ್-9 ಕಿಣ್ವವನ್ನು ಬೇಕಾದ ಜಾಗದಲ್ಲಿ ಕತ್ತರಿಸಬಲ್ಲ ಉಪಕರಣವಾಗಿ ಮಾರ್ಪಡಿಸಿದರು. ಹಳೆಯ ಕಿಣ್ವಕ್ಕೆ ಆರಕ್ಷರದ ಗುರುತು ಹುಟ್ಟಿನಿಂದ ಬಂದದ್ದು. ಕ್ಯಾಸ್-9ಕ್ಕೆ ಸುಮಾರು ಇಪ್ಪತ್ತು ಅಕ್ಷರಗಳ ಆರ್‌ಎನ್‌ಎ ವಿಳಾಸವನ್ನು ನಾವೇ ಬರೆದುಕೊಡಬಹುದು. 2022ರಲ್ಲಿ ಭಾರತ ಸರ್ಕಾರವು, ಪರಕೀಯ ಜೀನನ್ನು ಸೇರಿಸದೆ ಹೀಗೆ ತಿದ್ದಿದ ಸಸ್ಯಗಳ ಕೆಲವು ವರ್ಗಗಳನ್ನು 1989ರ ನಿಯಮಾವಳಿಯ ಬಿಗಿಯಿಂದ ಸಡಿಲಿಸಿತು.

ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ ಇಮ್ಯುನೀಲ್ ಸಂಸ್ಥೆ ನಡೆಸುತ್ತಿರುವ ಕಾರ್-ಟಿ ಚಿಕಿತ್ಸೆಯನ್ನು ಪತ್ರಿಕೆಗಳು ಕೆಲವೊಮ್ಮೆ ಈ ಜೀನ್ ತಿದ್ದುಪಡಿಯೊಡನೆ ಬೆರೆಸುತ್ತವೆ, ಅದು ಸರಿಯಲ್ಲ. ಅಲ್ಲಿ ರೋಗಿಯ ರಕ್ತದಿಂದ ಟಿ-ಕೋಶಗಳನ್ನು ತೆಗೆದು, ಎಚ್‌ಐವಿಯ ವರ್ಗಕ್ಕೆ ಸೇರಿದ, ಆದರೆ ರೋಗವುಂಟುಮಾಡುವ ಶಕ್ತಿಯನ್ನು ಕಳೆದ ವೈರಸ್ಸಿನ ಮೂಲಕ ಹೊಸ ಜೀನನ್ನು ಅವುಗಳೊಳಕ್ಕೆ ಸಾಗಿಸಿ, ಕೆಲವು ಜಾತಿಯ ರಕ್ತದ ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಕೊಲ್ಲುವಂತೆ ಮಾಡಿ ರೋಗಿಗೆ ಮರಳಿಸುತ್ತಾರೆ; ಕತ್ತರಿಯ ಬದಲಿಗೆ ಇಲ್ಲಿ ದುಡಿಯುವುದು ವೈರಸ್ಸಿನ ಸಾಗಣೆಯ ಕೌಶಲ. ಬಾರ್ಸಿಲೋನದ ಆಸ್ಪತ್ರೆಯೊಂದರಿಂದ ಪಡೆದ ಈ ವಿದ್ಯೆ 2025ರಲ್ಲಿ ಕ್ವಾರ್ಟೆಮಿ ಎಂಬ ಹೆಸರಿನಿಂದ ಬಳಕೆಗೆ ಬಂದಿತು. ಅಮೆರಿಕದಲ್ಲಿ ಇಂಥ ಚಿಕಿತ್ಸೆಯ ಔಷಧಕ್ಕೇ ಮೂರು ಕೋಟಿ ರೂಪಾಯಿಗೂ ಮಿಗಿಲಾದ ವೆಚ್ಚವಾಗುತ್ತದೆ. ಇಲ್ಲಿ ಅದಕ್ಕಿಂತ ಬಹಳ ಕಡಮೆಯಾದರೂ ಹತ್ತಾರು ಲಕ್ಷಕ್ಕೆ ಇಳಿದಿದೆಯೇ ಹೊರತು ಪೀಣ್ಯದ ಕಾರ್ಮಿಕನೊಬ್ಬನ ಗಳಿಕೆಯ ಅಳವಿಗೆ ಬಂದಿಲ್ಲ. ಕಿಣ್ವಗಳಿಗೆ 1989ರಲ್ಲಿ ನಡೆದ ಕೆಲಸ, ಎಂದರೆ ಆಮದಿನ ಸರಕನ್ನು ಇಲ್ಲಿಯೇ ತಯಾರಿಸಿ ಅಗ್ಗಗೊಳಿಸುವ ಕೆಲಸ, ಈ ಸಾಗಣೆಯ ವೈರಸ್ಸುಗಳ ವಿಷಯದಲ್ಲಿ ಇನ್ನೂ ಪೂರ್ಣವಾಗಿ ನಡೆಯಬೇಕಾಗಿದೆ.